ಅಡರಕಟ್ಟಿಯವರೆಗಿನ ತಯಾರಿ

ಮೂವತ್ತರ ಹೊಸ್ತಿಲಲ್ಲಿ ನಿಂತು ಸೈಕಲ್ ಕಲಿತವನ ಮಾತನ್ನು ನೀವು ನಗದೆ ಕೇಳುತ್ತೀರೆಂಬ ಭರವಸೆ ನನಗಿಲ್ಲ. ನಗಿ, ಅಡ್ಡಿಯಿಲ್ಲ. ಬೆಟಗೇರಿಯ ನಮ್ಮ ಓಣಿ ಪೂರಾ ಆಗಲೇ ನಕ್ಕು ಮುಗಿಸಿದೆ. ಈಜು, ಸೈಕಲ್ಲು, ಸಿಳ್ಳೆ ಹೊಡೆಯುವುದು ಇವೆಲ್ಲ ಹುಡುಗುತನದಲ್ಲಿ ತಾವಾಗಿ ಬರಬೇಕು. ಆಗ ಬಾರದಿದ್ದರೆ ಆಮೇಲೆ ಮರ್ಯಾದೆ ಬಿಟ್ಟು ಕಲಿಯಬೇಕು. ನಾನು ಹುಡುಗನಾಗಿದ್ದಾಗ ಬಾಡಿಗೆ ಸೈಕಲ್ಲಿನಿಂದ ಬಿದ್ದು ಮೊಣಕೈ ಒಡೆದುಕೊಂಡೆ. ಅಂದಿನಿಂದ ನಡೆಯುವುದೇ ಆರೋಗ್ಯಕ್ಕೆ ಒಳ್ಳೆಯದೆಂಬ ತತ್ತ್ವ ಹಿಡಿದೆ. ಜಗತ್ತಿನ ಬಹಳಷ್ಟು ತತ್ತ್ವಗಳು ಹೀಗೆ ಬಿದ್ದ ಮೇಲೆಯೇ ಹುಟ್ಟಿದವೆಂದು ನನಗೆ ಗುಮಾನಿಯಿದೆ. ಮನೆಯಿಂದ ಪಕ್ಕದ ಗದಗಿನ ನಮ್ಮ ಕಚೇರಿಗೆ ನಡೆದೇ ಹೋಗುತ್ತಿದ್ದೆ, ನಡೆದೇ ಬರುತ್ತಿದ್ದೆ. “ಸೈಕಲ್ ಬರಲಾರದವಗ ಹೆಣ್ಣು ಯಾರು ಕೊಡತಾರೋ ತಮ್ಮಾ?” ಎಂದು ಅವ್ವ ಆಗಾಗ ಕೇಳುತ್ತಿದ್ದಳು. ನಾನು ಅದಕ್ಕೂ ಒಂದು ತತ್ತ್ವ ಹೇಳಿ ಪಾರಾಗುತ್ತಿದ್ದೆ.

ಆ ತತ್ತ್ವಗಳನ್ನೆಲ್ಲ ನನ್ನ ತಂಗಿ ಸರೋಜ ಒಂದೇ ಮಾತಿನಲ್ಲಿ ಉರುಳಿಸಿದಳು. ಎಂಬತ್ತರ ದಶಕ ಆಗಿನ್ನೂ ಕಣ್ಣು ಬಿಡುತ್ತಿತ್ತು. ಅವಳನ್ನು ಅಡರಕಟ್ಟಿಗೆ ಕೊಟ್ಟಿತ್ತು. ಗಂಡ ಅಲ್ಲಿ ಶಾಲೆಯ ಮಾಸ್ತರ. ಶ್ರಾವಣದಲ್ಲಿ ನಾಗರ ಪಂಚಮಿ ಬಂತೆಂದರೆ ಕೊಟ್ಟ ಹೆಣ್ಣುಮಕ್ಕಳನ್ನು ತವರಿನವರು ಹೋಗಿ ಕರೆತರಬೇಕು. ಬಾ ಎಂದು ಹೇಳಿ ಕಳಿಸಿದರೆ ಸಾಲದು. ಹಬ್ಬದ ಸಿಹಿ ಉಂಡಿಯ ಗಂಟು ಹಿಡಿದು ಹೋಗಿ, ಬೀಗರ ಮನೆಯಲ್ಲಿ ಉಂಡು, ಮಗಳನ್ನು ಜೊತೆಗೆ ಹೊರಡಿಸಿಕೊಂಡು ಬರಬೇಕು. ಆ ಕೆಲಸವನ್ನು ಪ್ರತಿ ವರ್ಷ ಅಪ್ಪ ಮಾಡುತ್ತಿದ್ದ. ದೇವಸ್ಥಾನದಲ್ಲಿ ತನ್ನ ಪೂಜೆಯ ಪಾಳಿ ಮುಗಿಸಿ, ಧೋತರದ ಕಚ್ಚೆ ಬಿಗಿದು, ತನ್ನ ಎತ್ತರದ ಕರಿ ಸೈಕಲ್ಲು ಹತ್ತಿ ಹೋದರೆ ಮರುದಿನ ಸರೋಜಳನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಓಣಿಯೊಳಗೆ ಬರುತ್ತಿದ್ದ. ಗಂಟೆಯ ಸದ್ದಿಗೆ ಅವ್ವ ನೀರಿನ ತಂಬಿಗೆ ಹಿಡಿದು ಬಾಗಿಲಿಗೆ ಓಡುತ್ತಿದ್ದಳು. ಅಪ್ಪ ತೀರಿಕೊಂಡ ವರ್ಷ ಮನೆಯಲ್ಲಿ ಹಬ್ಬವಿರಲಿಲ್ಲ. ಅದರ ಮರುವರ್ಷದ ಪಂಚಮಿಗೆ ಕರೆಯಲು ಹೋಗುವ ಗಂಡಸು ನಾನೊಬ್ಬನೇ ಉಳಿದಿದ್ದೆ.

ಶಿವರಾತ್ರಿಯ ಹೊತ್ತಿಗೇ, ಪಂಚಮಿಗೆ ಕರೆಯಲು ಬಸ್ಸಿಗೆ ಬರುತ್ತೇನೆಂದು ಸಂತೆಗೆ ಬಂದವರೊಬ್ಬರ ಕೈಯಲ್ಲಿ ಹೇಳಿ ಕಳಿಸಿದೆ. ಮುಂದಿನ ಸಂತೆಗೆ ಅವರ ಬಾಯಲ್ಲೇ ಉತ್ತರ ಬಂತು: “ಬಸ್ಸಿನ್ಯಾಗ ಕರಕೊಂಡು ಹೋದ್ರ ಕಂಡಕ್ಟರ್ ಕರಕೊಂಡು ಹೋದಂಗ, ತವರಿನವರು ಕರಕೊಂಡು ಹೋದಂಗ ಅಲ್ಲ ಅಂತ್ರೀ. ಅಪ್ಪನ ಸೈಕಲ್ ತಗೊಂಡು ಬಂದ್ರ ಬರತಾಳಂತ, ಇಲ್ಲಂದ್ರ ಇಲ್ಲಂತ್ರೀ.” ಅವ್ವ ಅಂದು ಊಟ ಮಾಡಲಿಲ್ಲ. ಗಂಡನಿಲ್ಲದ ಮೊದಲ ಹಬ್ಬಕ್ಕೆ ಮಗಳೂ ಇಲ್ಲವೆಂದರೆ ಆಕೆ ಉಂಡಿ ಕಟ್ಟುವುದಾದರೂ ಯಾರಿಗೆ? ನನಗೆ ಸಿಟ್ಟು ಬಂತು. ಸರೋಜ ಸಣ್ಣವಳಿದ್ದಾಗಿನಿಂದ ಹಟಮಾರಿ. ಆದರೆ ಆ ಸಿಟ್ಟಿನ ಕೆಳಗೆ, ಅಪ್ಪ ಹೋದ ಮೇಲೆ ಈ ಮನೆ ಇನ್ನೂ ಅವಳ ತವರಾಗಿ ಉಳಿದಿದೆಯೇ ಎಂದು ಅವಳು ಪರೀಕ್ಷೆ ಮಾಡುತ್ತಿದ್ದಾಳೆಂಬ ಹೆದರಿಕೆಯೂ ಇತ್ತು. ಆ ಪರೀಕ್ಷೆಯಲ್ಲಿ ನಪಾಸಾಗಲು ಮನಸ್ಸು ಒಪ್ಪಲಿಲ್ಲ.

ಹೀಗೆ ಅಪ್ಪನ ಸೈಕಲ್ಲು ಅಟ್ಟದ ಕೆಳಗಿನಿಂದ ಹೊರಬಂತು. ಊರ ಹೊರಗಿನ ಬಯಲಿನಲ್ಲಿ ಬೆಳಗಿನ ಹೊತ್ತು ಬಿದ್ದು ಎದ್ದು, ಉಗಾದಿ ಮುಗಿಯುವುದರೊಳಗೆ ನೆಟ್ಟಗೆ ಹೋಗುವುದನ್ನು ಕಲಿತೆ. ತಿರುಗುವುದಕ್ಕೆ ಇನ್ನಷ್ಟು ದಿನ ಹಿಡಿಯಿತು. ಇಳಿಯುವುದು ಇಂದಿಗೂ ದೈವಾಧೀನ. ಆದರೆ ಊರೊಳಗೆ ಸುತ್ತುವುದು ಬೇರೆ, ಅಡರಕಟ್ಟಿ ಬೇರೆ. ಸೊರಟೂರ, ಶಿರಹಟ್ಟಿ ಎಲ್ಲ ದಾಟಿ ಲಕ್ಷ್ಮೇಶ್ವರದ ಕಡೆಗೆ ಹೊರಳಬೇಕು. ಅಷ್ಟು ದೂರಕ್ಕೆ ತಯಾರಿ ಬೇಕೆಂದು ಕಚೇರಿಯ ನನ್ನ ಗೆಳೆಯ ದೇಸಾಯಿ ಹೇಳಿದ. ದೇಸಾಯಿ ಸ್ವತಃ ಎಲ್ಲಿಗೂ ಸೈಕಲ್ ಮೇಲೆ ಹೋದವನಲ್ಲ. ಆ ಕಾರಣದಿಂದ ಅವನ ಸಲಹೆಗಳಿಗೆ ಎಲ್ಲೂ ತಡೆಯಿರಲಿಲ್ಲ.

“ದೂರದ ಸೈಕಲ್ಲಿಗೆ ಕಾಲು ಬ್ಯಾಡಪಾ, ದಮ್ಮು ಬೇಕು. ಮುಂಜಾನಿ ಬೆಲ್ಲ-ಶೇಂಗಾ ತಿನ್ನು, ತೊಡಿಗೆ ಎಳ್ಳೆಣ್ಣಿ ತಿಕ್ಕು. ಮೊದಲ ಕುರ್ತಕೋಟಿಗೆ ಹೋಗಿ ಬಾ, ಆಮ್ಯಾಲೆ ಮುಂಡರಗಿ. ಅಲ್ಲಿಗೆ ನೀ ತಯಾರು!”

ಬೆಲ್ಲ-ಶೇಂಗಾ ತಿಂದೆ, ಅದೊಂದು ಭಾಗ ಮೊದಲ ದಿನದಿಂದಲೇ ಚೆನ್ನಾಗಿ ಸಾಗಿತು. ಆಷಾಢ ಆಗತಾನೇ ಹುಟ್ಟಿತ್ತು. ಒಂದು ರವಿವಾರ ಕುರ್ತಕೋಟಿಯ ದಾರಿ ಹಿಡಿದೆ. ನಮ್ಮ ಕಡೆ ಆಷಾಢದಲ್ಲಿ ಪಡುವಣ ಗಾಳಿ ಹೇಗೆ ಬೀಸುತ್ತದೆಂದರೆ, ಒಣಹಾಕಿದ ಧೋತರ ಹುಡುಕಲು ಮುಂದಿನ ಓಣಿಗೆ ಹೋಗಬೇಕು. ಕುರ್ತಕೋಟಿ ಪಡುವಣಕ್ಕೆ. ತುಳಿದೆ, ತುಳಿದೆ, ಒಂದೇ ಬೇವಿನ ಮರ ಬಹಳ ಹೊತ್ತು ನನ್ನ ಪಕ್ಕದಲ್ಲೇ ನಿಂತಿತ್ತು. ಅರ್ಧದಲ್ಲಿ ಇಳಿದು, ಈ ರಸ್ತೆಯೇ ಸರಿಯಿಲ್ಲವೆಂದು ತೀರ್ಮಾನಿಸಿ ವಾಪಸು ಬಂದೆ. ಮುಂದಿನ ರವಿವಾರದಿಂದ ಮುಂಡರಗಿಯ ರಸ್ತೆ ಹಿಡಿದೆ.

ಆಹಾ, ಮುಂಡರಗಿಯ ರಸ್ತೆ! ಅದನ್ನು ನೆನೆದರೆ ಈಗಲೂ ನನಗೆ ನಿದ್ದೆಯಂಥದೊಂದು ಸುಖ ಕವಿಯುತ್ತದೆ. ಬಲಕ್ಕೆ ದೂರದಲ್ಲಿ ಕಪ್ಪತಗುಡ್ಡ ಮೋಡ ಹೊದ್ದು ಮಲಗಿರುತ್ತಿತ್ತು. ಕರಿಮಣ್ಣಿನ ಎರೆಹೊಲದಲ್ಲಿ ಹೆಸರಿನ ಪೈರು ಎರಡೆಲೆ ಬಿಟ್ಟಿರುತ್ತಿತ್ತು. ಮೋಡದ ನೆರಳು ಹೊಲದಿಂದ ಹೊಲಕ್ಕೆ ಜಾರುತ್ತಿತ್ತು, ನಾನೂ ಅದರ ಜೊತೆಗೆ ಜಾರುತ್ತಿದ್ದೆ. ಪೆಡಲನ್ನು ಮುಟ್ಟಿದರೆ ಸಾಕು, ಊರುಗಳು ತಾವಾಗಿ ಹಿಂದೆ ಸರಿಯುತ್ತಿದ್ದವು. ನಮ್ಮ ದೇವರುಗಳಲ್ಲಿ ಯಾರೊಬ್ಬರೂ ತಮ್ಮ ವಾಹನವನ್ನು ತಾವೇ ತುಳಿದವರಲ್ಲ ಎಂಬುದು ನನಗೆ ಹೊಳೆದದ್ದು ಆ ರಸ್ತೆಯಲ್ಲಿಯೇ. ಗರುಡ ಹಾರುತ್ತಾನೆ, ನಂದಿ ನಡೆಯುತ್ತಾನೆ, ಸ್ವಾಮಿ ಸುಮ್ಮನೆ ಕೂತಿರುತ್ತಾನೆ. ಗಣಪತಿಯ ಇಲಿ ಹೊರಡುವ ಮೊದಲು ಏನು ತಯಾರಿ ಮಾಡುತ್ತಿತ್ತೋ ಪುರಾಣದವರು ಯಾರೂ ಕೇಳಲಿಲ್ಲ. ನಾನು ಮಾತ್ರ ತುಳಿಯುವವನೂ ಕೂತವನೂ ಒಬ್ಬನೇ ಆಗಿ, ಎರಡು ಸುಖವನ್ನೂ ಒಟ್ಟಿಗೆ ಉಣ್ಣುತ್ತಿದ್ದೇನೆಂದು ಹಿಗ್ಗಿದೆ.

ಮುಂಡರಗಿಯಿಂದ ತಿರುಗಿ ಬರುವಾಗ ಏನು ಮಾಡುತ್ತಿದ್ದಿರಿ ಎಂದು ನೀವು ಕೇಳುವುದು ಸಹಜ. ಸೈಕಲ್ಲನ್ನು ಬಸ್ಸಿನ ಮೇಲೆ ಏರಿಸಿ, ನಾನು ಒಳಗೆ ಕೂತು ತೂಕಡಿಸುತ್ತ ಬರುತ್ತಿದ್ದೆ. ಹೋಗುವಾಗ ಕಲಿತ ಕಾಲಿಗೆ ಬರುವಾಗ ಮತ್ತೇನು ಕಲಿಸುವುದಿದೆ? ಹೀಗೆ ಪ್ರತಿ ರವಿವಾರ ಹೋದೆ. ಕಚೇರಿಯಲ್ಲಿ ಕುರ್ಚಿಯ ತುದಿಗೆ ಕೂರುತ್ತಿದ್ದೆ, ಕಾರಣ ನಿಮಗೆ ತಿಳಿದದ್ದೇ. ಮಧ್ಯಾಹ್ನ ಫೈಲುಗಳ ಮೇಲೆ ಕೈಯಿಟ್ಟು ಅಡರಕಟ್ಟಿಯನ್ನು ಕನಸುತ್ತಿದ್ದೆ: ಊರ ಬಾಗಿಲಿಗೆ ನಾನು ಗಾಳಿಯಂತೆ ಬಂದಿಳಿಯುತ್ತೇನೆ, ಬೀಗರು ಎದ್ದು ನಿಲ್ಲುತ್ತಾರೆ, ಸರೋಜ ಓಡಿ ಬರುತ್ತಾಳೆ. ಕನಸಿನಲ್ಲಿ ನನ್ನ ಧೋತರಕ್ಕೆ ಒಂದು ಸುಕ್ಕೂ ಇರಲಿಲ್ಲ. ನಿಜವಾಗಿ ನಾನು ತೊಡುತ್ತಿದ್ದುದು ಪ್ಯಾಂಟು.

ಹಬ್ಬದ ಮುಂಚಿನ ದಿನಗಳು ಬಂದವು. ಅವ್ವ ಶೇಂಗಾದುಂಡಿ, ಎಳ್ಳುಂಡಿ, ಬೇಸನ್ನುಂಡಿ ಕಟ್ಟಿ ಗಂಟನ್ನು ಹ್ಯಾಂಡಲ್ಲಿಗೆ ತೂಗುಹಾಕಿದಳು. “ಸಾವಕಾಶ ಹೋಗು ತಮ್ಮಾ. ಆಕೀನ ಕರಕೊಂಡ ಬಾ” ಎಂದಳು.

ಮುಂದಿನದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಅಡರಕಟ್ಟಿಯ ದಾರಿ ಗಾಳಿಗೆ ಎದುರು. ಊರು ದಾಟಿದ ಕೂಡಲೇ ಗಾಳಿ ನನ್ನ ಎದೆಗೆ ಎರಡೂ ಕೈ ಇಟ್ಟು ಹಿಂದಕ್ಕೆ ದಬ್ಬತೊಡಗಿತು. ಮೂಡಣದ ಮುಂಡರಗಿಯ ರಸ್ತೆಯಲ್ಲಿ ಇಷ್ಟು ದಿನ ನನ್ನ ಬದಲು ತುಳಿದವರು ಯಾರೆಂಬುದು ಆಗ ತಿಳಿಯಿತು. ಸೊರಟೂರಿನಲ್ಲಿ ಕಟ್ಟೆಯ ಮೇಲೆ ಕೂತವರೊಬ್ಬರು “ಸೈಕಲ್ ಪಂಚರ್ ಆಗೇತೇನ್ರಿ?” ಎಂದು ಕೇಳಿದರು. ಇಲ್ಲವೆಂದೆ. “ಮತ್ತ ತಳ್ಕೊಂಡು ಯಾಕ ಹೊಂಟೀರಿ?” ಎಂದರು. ಶಿರಹಟ್ಟಿಯಲ್ಲಿ ಬೀಗರ ಉಂಡಿಗಳಲ್ಲಿ ಕೆಲವು ನನ್ನ ಹೊಟ್ಟೆ ಸೇರಿದವು. ಅಲ್ಲಿಂದ ಮುಂದೆ ಮಳೆ ಹಿಡಿಯಿತು. ಸಮೀಪವಾದೀತೆಂಬ ಆಸೆಗೆ ಹೊಲದ ದಾರಿಗೆ ಇಳಿದೆ. ಎರೆಮಣ್ಣಿನ ಗುಣ ಹುಟ್ಟಿದಾಗಿನಿಂದ ಬಲ್ಲ ನಾನು ಮಾಡಬಾರದ ಕೆಲಸವದು. ಹಸಿ ಎರೆ ಗಾಲಿಗೆ ಮೆತ್ತಿಕೊಂಡು, ಮಡ್‌ಗಾರ್ಡಿನೊಳಗೆ ತುಂಬಿಕೊಂಡು, ಗಾಲಿಗಳು ತಿರುಗುವುದನ್ನೇ ಬಿಟ್ಟವು. ಕಡ್ಡಿಯಿಂದ ಕೆರೆದೆ, ಕೆರೆದಷ್ಟೂ ತುಂಬಿತು. ಸೈಕಲ್ಲು ನನ್ನನ್ನು ಹೊತ್ತೊಯ್ಯುವುದಕ್ಕೆ ಎಲ್ಲ ತಯಾರಿ ಮಾಡಿದ್ದೆ. ನಾನು ಸೈಕಲ್ಲನ್ನು ಹೊರುವುದಕ್ಕೆ ಯಾವ ತಯಾರಿಯನ್ನೂ ದೇಸಾಯಿ ಹೇಳಿರಲಿಲ್ಲ.

ಹೆಗಲ ಮೇಲೆ ಸೈಕಲ್ಲು, ಕೈಯಲ್ಲಿ ಉಂಡಿಯ ಗಂಟು, ಮೈತುಂಬ ಕೆಸರು. ಹೀಗೆ ಇಳಿಹೊತ್ತಿಗೆ ಅಡರಕಟ್ಟಿ ಮುಟ್ಟಿದೆ. ಸರೋಜ ಅಂಗಳದಲ್ಲೇ ನಿಂತಿದ್ದಳು.

“ಸೈಕಲ್ ತಗೊಂಡು ಬಾ ಅಂದಿದ್ದೆ ಅಣ್ಣಾ, ಹೊತ್ಕೊಂಡು ಬಾ ಅಂದಿದ್ದಿಲ್ಲ!”

ನಗುತ್ತಲೇ ಅವಳ ಕಣ್ಣು ತುಂಬಿದವು. ಬಿಸಿನೀರು ಹಾಕಿದಳು, ರೊಟ್ಟಿ-ಝುಣಕ ಬಡಿಸಿದಳು. ಮೂಲೆಯಲ್ಲಿ ಅವಳ ಚೀಲ ಆಗಲೇ ಕಟ್ಟಿ ಇಟ್ಟಿತ್ತು.

ಮರುದಿನ ಬೆಳಿಗ್ಗೆ ಮಳೆ ನಿಂತು ಬಿಸಿಲು ಬಿದ್ದಿತ್ತು. ಮಾಸ್ತರರು ಸೈಕಲ್ಲನ್ನು ತೊಳೆದು ಕೊಟ್ಟರು. ನಾವು ಹೊರಟೆವು, ಈ ಸಲ ಡಾಂಬರು ರಸ್ತೆಯಲ್ಲಿ. ನಾನು ಹತ್ತಿದೆ, ಸರೋಜ ಹಿಂದೆ ಕೂತಳು. ಯಾರನ್ನೂ ಕೂರಿಸಿಕೊಂಡು ಹೊಡೆದು ಗೊತ್ತಿರದ ಮನುಷ್ಯ ನಾನೆಂಬುದು ಅದೇ ಕ್ಷಣದಲ್ಲಿ ನನ್ನ ಅರಿವಿಗೆ ಬಂತು. ಸೈಕಲ್ಲು ರಸ್ತೆಯ ಅಂಚಿನಿಂದ ಅಂಚಿಗೆ ತೂರಾಡಿ, ಜಾಲಿಗಿಡವೊಂದನ್ನು ಗುರಿಯಿಟ್ಟು ನುಗ್ಗಿತು. ಸರೋಜ ಹಾರಿ ಇಳಿದಳು. ಹಿಂದೆ ಮುಂದೆ ರಸ್ತೆ ನೋಡಿದಳು, ನರಪಿಳ್ಳೆ ಇರಲಿಲ್ಲ. ಹೊಲದಲ್ಲಿ ಕಳೆ ತೆಗೆಯುವ ಹೆಂಗಸರು ಮಾಡುವಂತೆ ಸೀರೆಯನ್ನು ಎಳೆದು ಹಿಂದೆ ಕಚ್ಚೆ ಸಿಗಿಸಿ, ನನ್ನ ಕೈಯಿಂದ ಹ್ಯಾಂಡಲ್ ತಗೊಂಡಳು.

“ನೀ ಹಿಂದ ಕುಂಡ್ರು.”

“ನಿನಗ ಬರತೈತೇನ?”

“ಅಪ್ಪನ ಕಲಿಸ್ಯಾನ. ಮದುವಿ ಆದ ಮೊದಲನೇ ಪಂಚಮಿಗೆ, ಇದ ರಸ್ತಾದಾಗ. ಆಮ್ಯಾಲೆ ಅವನ ಮೊಣಕಾಲು ಹೋದ್ವು ನೋಡು, ಅವತ್ತಿನಿಂದ ಪ್ರತಿ ವರ್ಷ ನಾನ ಹೊಡಿಯಾಕಿ, ಅಪ್ಪ ಹಿಂದ ಕುಂಡ್ರಾಂವ.”

ನಮ್ಮ ಮನೆಯ ಮೆಟ್ಟಿಲನ್ನು ಗೋಡೆ ಹಿಡಿದು ಏರುತ್ತಿದ್ದ ಮುದುಕ ಅಷ್ಟು ದೂರ ಹೇಗೆ ತುಳಿಯುತ್ತಾನೆಂದು ನಾವು ಯಾರೂ ಒಮ್ಮೆಯೂ ಕೇಳಿರಲಿಲ್ಲ.

“ಮತ್ತ ಇಲ್ಲಿಗೆ ಬರುವಾಗ? ಈ ಗಾಳ್ಯಾಗ ಅಪ್ಪ ಅಡರಕಟ್ಟಿಗೆ ಹ್ಯಾಂಗ ಬರತಿದ್ದ?”

“ಬಸ್ಸಿನ ಮ್ಯಾಲೆ ಸೈಕಲ್ ಹಾಕ್ಕೊಂಡು. ಗಾಳಿಗೆ ಎದುರ ಹೊಡಿಯಾಕ ಅಪ್ಪ ಏನು ಹುಚ್ಚನೇನು?”

ಕೂತೆ. ಅವಳು ಒಂದು ಕಾಲು ಪೆಡಲಿನ ಮೇಲಿಟ್ಟು ನಾಲ್ಕು ಹೆಜ್ಜೆ ಓಡಿ ಹತ್ತಿದಳು. ಸೈಕಲ್ಲು ಗೆರೆ ಎಳೆದಂತೆ ನೆಟ್ಟಗೆ ಸಾಗಿತು. ಗಾಳಿ ಈಗ ಬೆನ್ನಿಗಿತ್ತು. ಅವಳ ಸೆರಗು ಸೊಂಟದಲ್ಲಿ ಬಿಗಿದಿತ್ತು, ಜಡೆಯ ತುದಿ ಆಗಾಗ ನನ್ನ ಮುಖಕ್ಕೆ ತಾಗುತ್ತಿತ್ತು. ತೊಳೆದಿಟ್ಟಂಥ ಹೊಲಗಳು ಎರಡೂ ಕಡೆ ನಿಧಾನವಾಗಿ ತಿರುಗುತ್ತಿದ್ದವು.

“ಹೋದ ವರ್ಷ ಹಬ್ಬ ಇದ್ದಿದ್ದಿಲ್ಲ” ಎಂದಳು, ಹಿಂದೆ ತಿರುಗದೆ. “ಅಪ್ಪ ಇಲ್ಲ ಅಂತ ಅತ್ತೆ. ಅದರ ಜೋಡಿ ಈ ರಸ್ತಾ ಹೋತಲ್ಲ ಅಂತನೂ ಅತ್ತೆ. ವರ್ಷದಾಗ ಇದೊಂದು ದಿನ ನಂದು, ಅಣ್ಣಾ. ಬಸ್ಸಿಗೆ ಬರತೀನಿ ಅಂತ ನೀ ಹೇಳಿ ಕಳಿಸಿದಾಗ ಜೀವ ಹೋದಂಗ ಆತು.”

ಅವಳ ಹಟಕ್ಕೆ ನಾನು ಏನೇನೋ ಅರ್ಥ ಹಚ್ಚಿಕೊಂಡು ತಿಂಗಳುಗಟ್ಟಲೆ ಬೆಲ್ಲ-ಶೇಂಗಾ ತಿಂದಿದ್ದೆ. “ಬೇಕಾದ್ರ ಜೋರಾಗಿ ಹೊಡಿ” ಎಂದೆ. ಅವಳು ನಿಜವಾಗಿಯೂ ಜೋರಾಗಿ ಹೊಡೆದಳು. ನಾನು ಸೀಟಿನ ಸ್ಪ್ರಿಂಗನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಎದುರಿಗೆ ಬಸ್ಸೋ ಚಕ್ಕಡಿಯೋ ಕಂಡರೆ ನಿಲ್ಲಿಸಿ ಇಳಿಯುವುದು, ಅದು ಮರೆಯಾದ ಮೇಲೆ ಮತ್ತೆ ಹತ್ತುವುದು. ಅಪ್ಪ-ಮಗಳ ರೂಢಿ ಹಾಗೇ ಇತ್ತಂತೆ. ಶಿರಹಟ್ಟಿ, ಸೊರಟೂರ ಬಂದಾಗಲೂ ಇಳಿದು ತಳ್ಳಿಕೊಂಡೇ ದಾಟಿದೆವು. ನಿನ್ನೆಯ ಕಟ್ಟೆಯವರು ನನ್ನನ್ನು ಗುರುತು ಹಿಡಿದು, ಪಂಚರ್ ಇನ್ನೂ ಸರಿಯಾಗಿಲ್ಲವೆಂದು ಮರುಗಿದರು.

ಗದಗಿನ ಮನೆಗಳು ಕಾಣಿಸಿದಾಗ ಸರೋಜ ಬೇವಿನ ಮರದ ಕೆಳಗೆ ಸೈಕಲ್ ನಿಲ್ಲಿಸಿದಳು. ಕಚ್ಚೆ ಬಿಚ್ಚಿ ನೆರಿಗೆ ಸರಿಪಡಿಸಿದಳು, ಬೆವರು ಒರೆಸಿಕೊಂಡು ತಲೆಯ ಮೇಲೆ ಸೆರಗು ಹೊದ್ದಳು. “ಇಲ್ಲಿಂದ ನೀ ಹೊಡಿ. ಬೀಳಿಸಬ್ಯಾಡ” ಎಂದು ಹಿಂದೆ ಒಂದೇ ಪಕ್ಕಕ್ಕೆ ಕಾಲು ಬಿಟ್ಟು ಕೂತಳು. ದೇವರ ದಯೆ, ಬೀಳಿಸಲಿಲ್ಲ. ಓಣಿಯೊಳಗೆ ಗಂಟೆ ಬಾರಿಸಿದೆ. ಅವ್ವ ನೀರಿನ ತಂಬಿಗೆ ಹಿಡಿದು ಬಾಗಿಲಿಗೆ ಬಂದವಳು ಮಗಳನ್ನು ಅಪ್ಪಿಕೊಂಡು, ಮುಂಗೈಯಿಂದ ಕಣ್ಣೊರೆಸಿಕೊಂಡು ನನ್ನ ಬೆನ್ನು ಸವರಿದಳು. ಅಷ್ಟು ದೂರ ತುಳಿದು ಕಾಲು ಎಷ್ಟು ನೊಂದಿರಬೇಕೆಂದು ಆಕೆಗೆ ಚಿಂತೆಯಾಯಿತು. ಸರೋಜ ನೀರು ಕುಡಿಯುವ ನೆಪದಲ್ಲಿ ತಂಬಿಗೆಯೊಳಗೆ ಮುಖ ಮರೆಸಿಕೊಂಡಳು.

ಮರುವರ್ಷ ಆಷಾಢ ಬಂದಾಗ ನಾನು ಬೆಲ್ಲ-ಶೇಂಗಾ ಮುಟ್ಟಲಿಲ್ಲ, ಮುಂಡರಗಿಗೂ ಹೋಗಲಿಲ್ಲ. ಬಸ್ಸುಗಳ ವೇಳೆ ಕೇಳಿಕೊಂಡು ಬಂದು, ಕ್ಯಾರಿಯರ್ ಮೇಲೆ ದಪ್ಪನೆಯ ಅರಳೆಯ ಗಾದಿಯೊಂದನ್ನು ಹೊಲಿಸಿ ಬಿಗಿದೆ. ಅವ್ವ ಅದನ್ನು ಒತ್ತಿ ನೋಡಿ ಓಣಿಯವರಿಗೆಲ್ಲ ಕೇಳುವಂತೆ ಹೇಳಿದಳು:

“ತಂಗಿ ಅಂದ್ರ ಎಷ್ಟು ಜೀವ ನೋಡ್ರಿ ನನ್ನ ಮಗಗ!”