ಅವಳ ಚೀಟಿಯಿಂದಾಚೆಯ ಪುಟಗಳು

ಕಳೆದ ತಿಂಗಳು ಮೂರು ಪುಸ್ತಕ ಓದಿ ಮುಗಿಸಿದೆ. ಮೂರೂ ನನ್ನ ಹೆಂಡತಿ ಅರ್ಧಕ್ಕೆ ಬಿಟ್ಟು ಹೋದವು. ಆಸೆಪಟ್ಟು ಓದಿದ್ದಲ್ಲ. ನೆಂಟರಿಷ್ಟರ ಮುಂದೆ ಮಾತು ಕೊಟ್ಟಿದ್ದೆ, ಅದಕ್ಕೆ ಓದಿದೆ.

ಮಾತು ಕೊಟ್ಟಿದ್ದು ಅವಳ ತಿಥಿಯ ದಿನ. ಕೊರಟಗೆರೆ ಹತ್ತಿರದ ನಮ್ಮೂರಿನ ಹೊಲದಲ್ಲೇ ಅವಳನ್ನು ಮಣ್ಣು ಮಾಡಿದ್ದೆವು. ಸಮಾಧಿಯ ಮುಂದೆ ಬಾಳೆಲೆ ಹಾಸಿ ಅವಳಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ ಎಡೆ ಇಟ್ಟೆವು. ಒಬ್ಬಟ್ಟು, ಅವರೆಕಾಳಿನ ಸಾರು, ಹುರಿದ ಕಡ್ಲೆಕಾಯಿ, ಒಂದು ಲೋಟ ಕಾಫಿ. ಎಡೆ ಇಟ್ಟ ಮೇಲೆ ದೂರ ಸರಿದು ನಿಲ್ಲಬೇಕು. ಕಾಗೆ ಬಂದು ಮುಟ್ಟಿದರೆ ಹೋದವರಿಗೆ ತೃಪ್ತಿಯಾಯಿತು ಎಂದು ಲೆಕ್ಕ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಎಂದು ಅರ್ಥ. ಆಗ ಮನೆಯವರು ಒಬ್ಬೊಬ್ಬರಾಗಿ ಮುಂದೆ ಹೋಗಿ, ನಿನ್ನ ಇಂಥ ಆಸೆಯನ್ನು ನಾವು ನಡೆಸುತ್ತೇವೆ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು.

ಕಾಗೆಗಳು ಹುಣಸೆ ಮರದಲ್ಲಿ ಕೂತವೇ ಹೊರತು ಇಳಿಯಲಿಲ್ಲ. ಶಿರಾಕ್ಕೆ ಕೊಟ್ಟಿರುವ ನನ್ನ ಮಗಳು ಮುಂದೆ ಹೋಗಿ ಅಪ್ಪನನ್ನು ನೋಡಿಕೊಳ್ಳುತ್ತೇನೆ ಎಂದಳು. ಒಂದೂ ಕದಲಲಿಲ್ಲ. ಬಿಸಿಲಲ್ಲಿ ನಿಂತು ಸಾಕಾಗಿದ್ದ ದೊಡ್ಡಪ್ಪ, ಕಾಫಿಗೆ ಸಕ್ಕರೆ ಹಾಕಿದ್ದೀರೋ ಇಲ್ಲವೋ ನೋಡಿ ಎಂದು ಗೊಣಗಿದರು. ಆಗ ನನ್ನ ಹೆಂಡತಿಯ ಅಕ್ಕ, ಪಾವಗಡದ ಕಡೆಯ ತಿರುಮಣಿಯಿಂದ ಬಂದಿದ್ದವರು, ಸೆರಗಿನ ಮರೆಯಿಂದ ಒಂದು ದಪ್ಪ ಪುಸ್ತಕ ತೆಗೆದು ಎಲೆಯ ಪಕ್ಕ ಇಟ್ಟರು. ಅವಳ ದಿಂಬಿನ ಹತ್ತಿರ ಇದ್ದದ್ದು. ಅಕ್ಕನಿಗೆ ಓದು ಬರುವುದಿಲ್ಲ. ನಡುವೆ ಇಣುಕುತ್ತಿದ್ದ ಬಟ್ಟೆಯ ಚೂರು ನೋಡಿ ಅರ್ಧಕ್ಕೆ ನಿಂತಿದೆ ಎಂದು ತಿಳಿದುಕೊಂಡಿದ್ದರು.

“ಮೇಷ್ಟ್ರೇ, ಅವ್ಳು ಇದುಕ್ಕೇ ಕಾಯ್ತಾವ್ಳೆ. ಓದಿ ಮುಗುಸ್ತೀನಿ ಅಂತ ಒಂದು ಮಾತು ಹೇಳ್ಬುಡಿ.”

ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ಮಧುಗಿರಿಯ ಹೋಟೆಲಿನಲ್ಲಿ ಟೇಬಲ್ ಒರೆಸಿ, ಆ ಸಂಬಳದಲ್ಲಿ ಫೀಜು ಕಟ್ಟಿ ಓದಿದವನು. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಹೆಮ್ಮೆಯಿದೆ. ಜನ ಗುಂಪುಗೂಡಿದ್ದರೆ ಕಾಗೆ ಹೆದರುತ್ತದೆ, ಹಸಿವಾದಾಗ ತಾನೇ ಇಳಿಯುತ್ತದೆ ಎಂದು ಕ್ಲಾಸಿನಲ್ಲಿ ಹೇಳುವವನು. ಆದರೂ ಹೋದೆ. ಓದುತ್ತೇನೆ ಕಣೇ, ಇದೊಂದೇ ಅಲ್ಲ, ನೀನು ಬಿಟ್ಟ ಮೂರನ್ನೂ ಓದುತ್ತೇನೆ ಎಂದೆ. ಸ್ವಲ್ಪ ಹೊತ್ತಿಗೆ ಒಂದು ಕಾಗೆ ಇಳಿದು ಮೊದಲು ಕಾಫಿ ಲೋಟಕ್ಕೇ ಕೊಕ್ಕು ಹಾಕಿ ಉರುಳಿಸಿತು. ಪುಸ್ತಕದ ಅಂಚೆಲ್ಲ ನೆನೆಯಿತು. ಅಕ್ಕ ಕಣ್ಣೊರೆಸಿಕೊಂಡು ತೆಲುಗಿನಲ್ಲಿ ಏನೋ ಹೇಳಿ ಕೈ ಮುಗಿದರು. ಕಾಗೆ ಯಾಕೆ ಬಂತೋ ಅದು ಕಾಗೆಗೆ ಗೊತ್ತು. ಕೊಟ್ಟ ಮಾತು ಮಾತ್ರ ನನ್ನದು.

ನಾವಿಬ್ಬರೂ ಓದುತ್ತಿದ್ದ ರೀತಿಯೇ ಬೇರೆ. ಅವಳ ಕಿಡ್ನಿ ಕೈಕೊಟ್ಟ ಮೇಲೆ ವಾರದಲ್ಲಿ ಎರಡು ಸಲ ಡಯಾಲಿಸಿಸ್‌ಗೆ ಹೋಗಬೇಕಿತ್ತು. ಒಂದೇ ಪುಸ್ತಕ ತೆಗೆದುಕೊಂಡು ಹೋಗುತ್ತಿದ್ದೆವು. ಮಷೀನಿಗೆ ಹಾಕಿದಷ್ಟು ಹೊತ್ತು ಒಂದು ಕೈಯಲ್ಲಿ ಹಿಡಿದು ಅವಳು ಓದುತ್ತಿದ್ದಳು. ವಾಪಸ್ ಬರುವ ಬಸ್ಸಿನಲ್ಲಿ ಅವಳು ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡಿದರೆ ನಾನು ಓದುತ್ತಿದ್ದೆ. ಹಾಗಾಗಿ ಒಂದು ಪುಸ್ತಕಕ್ಕೆ ಎರಡು ಗುರುತು. ರವಿಕೆ ಹೊಲಿದು ಉಳಿದ ಬಟ್ಟೆಯ ಚೂರು ಅವಳ ಚೀಟಿ, ಬಸ್ ಟಿಕೆಟ್ ನನ್ನದು. ಯಾವಾಗಲೂ ಅವಳೇ ಮುಂದೆ. ಮುಂದಿರುವವರು ಕಥೆ ಬಿಟ್ಟುಕೊಡಬಾರದು ಎಂದು ಕರಾರು. ಅವಳ ಮುಖ ನೋಡಿಯೇ ಮುಂದೆ ಸಾವಿದೆಯೋ ಮದುವೆಯಿದೆಯೋ ಎಂದು ನಾನು ಊಹಿಸುತ್ತಿದ್ದೆ. ಕೇಳಿದರೆ, “ಮೇಷ್ಟ್ರು ಕಾಪಿ ಹೊಡೀಬಾರ್ದು” ಎನ್ನುತ್ತಿದ್ದಳು.

ಮೊದಲು ಮುಗಿಸಿದ್ದು ಲಾರಿ ಡ್ರೈವರುಗಳ ಕಥೆಗಳು. ಸಣ್ಣ ಪುಸ್ತಕ. ಬರೆದವರಿಗೆ ರಸ್ತೆ ಗೊತ್ತು, ಮನೆ ಗೊತ್ತಿಲ್ಲ ಅನಿಸಿತು. ಡ್ರೈವರ್ ಮನೆಗೆ ಬಂದ ಕೂಡಲೇ ಕಥೆ ಸಪ್ಪೆಯಾಗುತ್ತದೆ. ಕೊನೆಯೆರಡು ಕಥೆ ಅವಳು ಓದದೆ ಹೋದದ್ದು ದೊಡ್ಡ ನಷ್ಟವೇನಲ್ಲ. ಎರಡನೆಯದು ಕುರಿಮಂದೆಯ ಜೊತೆ ಒಂದು ಬೇಸಗೆಯೆಲ್ಲ ನಡೆದ ಹುಡುಗಿಯೊಬ್ಬಳು ಬರೆದದ್ದು. ಚೆನ್ನಾಗಿದೆ. ಅದರಲ್ಲಿ ಒಂದು ಮರಿ ಸತ್ತಾಗ ತಾಯಿಕುರಿ ಹಿಂದೆ ಉಳಿಯುತ್ತದೆ, ಮಂದೆ ನಿಲ್ಲುವುದಿಲ್ಲ. ಆ ಪುಟದಲ್ಲಿ ಪುಸ್ತಕ ಮಡಚಿ ಅಡುಗೆಮನೆಗೆ ಹೋಗಿ ಪಾತ್ರೆ ತೊಳೆದೆ. ತೊಳೆದ ಪಾತ್ರೆಗಳನ್ನೇ ತೊಳೆದೆ.

ಮೂರನೆಯದು ಆ ಕಾಫಿ ಚೆಲ್ಲಿದ ಕಾದಂಬರಿ. ಕಾಣೆಯಾದ ತಮ್ಮನನ್ನು ಹುಡುಕಿಕೊಂಡು ಊರೂರು ಅಲೆಯುವ ಹೆಂಗಸಿನ ಕಥೆ. ನನ್ನ ಟಿಕೆಟ್ ಅವಳ ಚೀಟಿಗಿಂತ ಬಹಳ ಹಿಂದೆ ಇತ್ತು. ಅಲ್ಲಿಯವರೆಗೆ ಓದುವುದು ಕಷ್ಟವಾಗಲಿಲ್ಲ. ಅವಳು ನಡೆದು ಹೋದ ದಾರಿ, ನಾನು ಹಿಂದೆ ಹೋಗುತ್ತಿದ್ದೇನೆ, ಅಷ್ಟೇ. ತಮ್ಮ ಇರುವ ಊರಿನ ಸುಳಿವು ಸಿಕ್ಕಿ ಹೆಂಗಸು ಬಸ್ ಹತ್ತುತ್ತಾಳೆ. ಬಟ್ಟೆಯ ಚೂರು ಇದ್ದದ್ದು ಅಲ್ಲಿ.

ಒಂದು ವಾರ ಆ ಪುಟ ತಿರುಗಿಸಲಿಲ್ಲ. ಅವಳಿರುವವರೆಗೆ ಓದಿನಲ್ಲಿ ನಾನು ಅವಳ ಮುಂದೆ ಹೋದವನಲ್ಲ. ಈ ಕೊನೆಯದರಲ್ಲೂ ಮುಂದೆ ಹೋದರೆ ಅವಳು ನಿಜವಾಗಿ ಹಿಂದೆ ಉಳಿಯುತ್ತಾಳೆ. ಮಗಳು ಫೋನಿನಲ್ಲಿ, ಬಿಡಪ್ಪ, ಕಾಗೆಗೆ ಹೇಳಿದ ಮಾತು ತಾನೆ ಎಂದಳು. ಕಾಗೆಗೆ ಹೇಳಿದ್ದಲ್ಲ ಎಂದೆ. ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಕೂತು, ಅಂಟಿಕೊಂಡಿದ್ದ ಪುಟಗಳನ್ನು ಒಂದೊಂದಾಗಿ ಬಿಡಿಸುತ್ತ ಓದಿ ಮುಗಿಸಿದೆ. ಮುಗಿಸಿ ತಲೆ ಎತ್ತಿದರೆ, ಹೆಂಗಿತ್ತು ಎಂದು ಕೇಳುವವರಿಲ್ಲ. ಮಧ್ಯಾಹ್ನ ಪಾವಗಡದ ಬಸ್ ಹತ್ತಿದೆ.

ತಿರುಮಣಿಯಲ್ಲಿ ಅಕ್ಕನ ಹೊಲ ಸೋಲಾರ್ ಕರೆಂಟಿನವರಿಗೆ ಗುತ್ತಿಗೆಗೆ ಹೋಗಿದೆ. ಜಗಲಿಯಲ್ಲಿ ಕೂತರೆ ದೂರದವರೆಗೂ ಆ ಗಾಜಿನ ಹಲಗೆಗಳೇ. ಪುಸ್ತಕ ಮುಗಿಯಿತು ಎಂದು ಹೇಳಿದೆ. ಕಥೆ ಏನು ಹೇಳಿ ಎಂದರು. ತಂಗಿ ಏನು ಓದುತ್ತಿದ್ದಳು ಎಂದು ಅವರಿಗೆ ಯಾವತ್ತೂ ಗೊತ್ತಿರಲಿಲ್ಲ. ಮೊದಲಿನಿಂದ ಹೇಳುತ್ತಾ ಹೋದೆ. ಅಕ್ಕ ಹೂಂಗುಟ್ಟುತ್ತ, ಆ ಹೆಂಗಸಿಗೆ ಬುದ್ಧಿ ಇಲ್ಲವೆಂದು ನಡುನಡುವೆ ಬೈಯುತ್ತ ಕೇಳಿದರು. ಬಸ್ ಹತ್ತಿದ ಜಾಗಕ್ಕೆ ಬಂದೆ.

“ಅವ್ಳು ಎಲ್ಲೀಗಂಟ ಓದಿದ್ಲು?” ಎಂದರು.

ಇಲ್ಲಿಯವರೆಗೆ ಎಂದೆ.

“ಅಂಗಾದ್ರೆ ಸಾಕು ಬುಡಿ ಮೇಷ್ಟ್ರೇ. ನನ್ ತಂಗೀಗೆ ತಿಳೀದೇ ಇದ್ದಿದ್ದು ನಂಗ್ಯಾಕೆ.”

ಮುಂದೆ ಇರುವುದು ಕೆಟ್ಟದ್ದೇನಲ್ಲ ಎಂದು ಒತ್ತಾಯಿಸಿದೆ. ಯಾರಿಗಾದರೂ ಹೇಳಲೇಬೇಕಿತ್ತು, ಅದಕ್ಕೇ ಅಷ್ಟು ದೂರ ಹೋಗಿದ್ದೆ. ಅಕ್ಕ ತಲೆಯಾಡಿಸಿ, ಮುದ್ದೆಗೆ ಎಸರಿಡಲು ಒಳಗೆ ಹೋದರು. ಜಗಲಿಯಲ್ಲಿ ಒಬ್ಬನೇ ಕೂತಿದ್ದೆ. ಆ ಹೆಂಗಸಿಗೆ ತಮ್ಮ ಸಿಕ್ಕನೋ ಇಲ್ಲವೋ ಎಂಬುದು ನಮ್ಮ ಇಡೀ ಬಳಗದಲ್ಲಿ ನನಗೊಬ್ಬನಿಗೇ ಗೊತ್ತು.