ಬ್ಲ್ಯಾಕ್ ಶಟಲ್‌ನ ನಾಲ್ಕನೆಯವನು

ಇಚಲಕರಂಜಿಯಲ್ಲಿ ಹುಟ್ಟಿದವರಿಗೆ ಸದ್ದಿಲ್ಲದಿದ್ದರೆ ನಿದ್ದೆ ಹತ್ತುವುದಿಲ್ಲ. ಹೊರಗಿನಿಂದ ಬಂದ ಬೀಗರು ರಾತ್ರಿಯೆಲ್ಲ ಮಗ್ಗುಲು ಬದಲಿಸಿ ಬೆಳಿಗ್ಗೆ ಕಣ್ಣು ಕೆಂಪಗೆ ಮಾಡಿಕೊಂಡು ಏಳುತ್ತಾರೆ. ಊರಿನವರು ಮಾತ್ರ ಪವರ್‌ಲೂಮಿನ ಖಟ್ ಖಡ್, ಖಟ್ ಖಡ್ ಕೇಳುತ್ತ ತೊಟ್ಟಿಲ ಕೂಸಿನ ಹಾಗೆ ಮಲಗಿರುತ್ತಾರೆ. ಧನಪಾಲ ಅರವತ್ತು ದಾಟಿದ ಮೇಲೂ ಹಾಗೇ ಮಲಗುತ್ತಿದ್ದವನು. ಮಗ್ಗದ ಶೆಡ್ಡಿನಲ್ಲಿ ಕಳೆದ ಬದುಕು ಅವನ ಅರ್ಧ ಕಿವಿಯನ್ನು ತಿಂದುಹಾಕಿತ್ತು. ಹಕ್ಕಿಯ ಕೂಗು, ಫೋನಿನ ಗಂಟೆ, ಹೆಂಡತಿ ಮಾಣಿಕಬಾಯಿಯ ತಕರಾರು, ಇವು ಅವನನ್ನು ಮುಟ್ಟುತ್ತಿರಲಿಲ್ಲ. ಕೊನೆಯದು ಕಿವಿಯ ದೋಷವಲ್ಲ, ಶುದ್ಧ ಕಳ್ಳತನ ಎನ್ನುವುದು ಮಾಣಿಕಬಾಯಿಯ ವಾದ. ದಪ್ಪ ಸದ್ದುಗಳು ಮಾತ್ರ ಅವನಿಗೆ ಈಗಲೂ ಚೆನ್ನಾಗಿ ಬರುತ್ತಿದ್ದವು, ಅದೂ ಕಿವಿಯಿಂದಲ್ಲ, ಅಂಗಾಲಿನಿಂದ.

ಮಧ್ಯಾಹ್ನದ ಊಟವಾದ ಮೇಲೆ ಅವನು ಶೆಡ್ಡಿನ ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು ಕೂರುತ್ತಿದ್ದ. ನೆಲ ನಡುಗುತ್ತಿತ್ತು. ಕಣ್ಣು ಅರೆ ಮುಚ್ಚಿದರೆ ಸಾಕು, ಆ ನಡುಕದೊಳಗಿಂದ ಹಳೆಯ ಹಾಡುಗಳು ಒಂದೊಂದಾಗಿ ಎದ್ದು ಬರುತ್ತಿದ್ದವು. ಆಗ ಅವನ ಬಲಗಾಲು ತನ್ನಷ್ಟಕ್ಕೆ ಕುಣಿಯತೊಡಗುವುದು. ಕೂಲಿಯವರು ನೋಡಿ ನಗುವರು. ಸಾವಕಾರ ನಿದ್ದೆಯಲ್ಲಿ ಸೈಕಲ್ ಹೊಡೆಯುತ್ತಿದ್ದಾನೆ ಎಂದು ಅವರ ತಮಾಷೆ.

ಆ ಹಾಡುಗಳು ಬ್ಲ್ಯಾಕ್ ಶಟಲ್‌ನವು. ಹೆಸರು ಕೇಳಿ ಬೆರಗಾಗಬೇಡಿ, ಶಟಲ್ ಎಂದರೆ ಮಗ್ಗದ ಲಾಳಿ; ಅದು ಈ ಭಾಗದ ಮೊದಲ ರಾಕ್ ಬ್ಯಾಂಡ್. ಎಂಬತ್ತರ ದಶಕದಲ್ಲಿ ಉದ್ದ ಕೂದಲು, ಅಗಲ ಪ್ಯಾಂಟು ಹಾಕಿಕೊಂಡ ನಾಲ್ವರು ಹುಡುಗರು ಕಟ್ಟಿದ್ದು. ಹಾಡುವವನು ರಾವಸಾಹೇಬ. ಲೀಡ್ ಗಿಟಾರು ಕಾಡಸಿದ್ದನದು. ಅವನ ಬೆರಳು ನೋಡಲೆಂದೇ ಕಾಲೇಜಿನ ಹುಡುಗಿಯರು ಬರುತ್ತಿದ್ದರಂತೆ. ಡ್ರಮ್ಮಿಗೆ ಗಡಹಿಂಗ್ಲಜದ ಅಲ್ಲಪ್ಪ. ನಾಲ್ಕನೆಯವನು ನಮ್ಮ ಧನಪಾಲ, ಬೇಸ್ ಗಿಟಾರಿನವನು. ಇವರ ತಾಲೀಮು ನಡೆಯುತ್ತಿದ್ದದ್ದು ಧನಪಾಲನ ಅಪ್ಪನ ಶೆಡ್ಡಿನ ಮೂಲೆಯಲ್ಲಿ. ಮಗ್ಗಗಳಿಗೆ ರಜೆ ಇರುವ ದಿನ ಬಾರಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬುದ್ಧಿವಂತರೇ, ರಜೆಯ ದಿನ ಕರೆಂಟೂ ಇರುತ್ತಿರಲಿಲ್ಲ, ಕರೆಂಟಿಲ್ಲದೆ ಆ ಗಿಟಾರು ಬರೀ ಕಟ್ಟಿಗೆ. ಹೀಗಾಗಿ ಮಗ್ಗ ಓಡುವಾಗಲೇ ಇವರೂ ಓಡಬೇಕು. ಆ ಅಬ್ಬರದಲ್ಲಿ ಒಬ್ಬರದ್ದು ಒಬ್ಬರಿಗೆ ಕೇಳಿಸುತ್ತಿತ್ತೋ ಇಲ್ಲವೋ ದೇವರಿಗೇ ಗೊತ್ತು. ಕಲಿತದ್ದಂತೂ ನಿಜ.

ಒಂದೇ ಒಂದು ಕ್ಯಾಸೆಟ್ಟು ಬಂತು. ಅರ್ಧ ಮರಾಠಿ, ಅರ್ಧ ಕನ್ನಡ. ಮುಖಪುಟದ ಫೋಟೋದಲ್ಲಿ ರಾವಸಾಹೇಬ ಆಕಾಶ ನೋಡುತ್ತಾನೆ, ಕಾಡಸಿದ್ದ ಕ್ಯಾಮೆರಾ ನೋಡುತ್ತಾನೆ, ಅಲ್ಲಪ್ಪ ಯಾವಾಗಿನಂತೆ ತಲೆ ಬಗ್ಗಿಸಿ ಧ್ಯಾನಕ್ಕೆ ಕೂತವನ ಹಾಗೆ ಡ್ರಮ್ಮು ಬಾರಿಸುತ್ತಿದ್ದಾನೆ. ಧನಪಾಲ ಅಂಚಿಗೆ ಸಿಕ್ಕು ಅರ್ಧ ಕತ್ತರಿಸಿ ಹೋಗಿದ್ದಾನೆ: ಅರ್ಧ ಮುಖ, ಒಂದು ಭುಜ, ಕೆಳಗೆ ಒಂದು ಬರಿಗಾಲು. ಆಮೇಲೆ ಮದುವೆ, ಮಕ್ಕಳು, ಧಂದೆ. ಬ್ಯಾಂಡು ಮುರಿಯಿತು ಎಂದು ಯಾರೂ ಹೇಳದೆಯೇ ಮುರಿದುಹೋಯಿತು.

ಈಗ ಇಷ್ಟು ವರ್ಷಗಳ ಮೇಲೆ ಆ ಕ್ಯಾಸೆಟ್ಟನ್ನು ಯಾರೋ ಮೊಬೈಲಿಗೆ ಹಾಕಿ, ಅದು ಊರೂರು ತಿರುಗಿ, ಹೊಸ ಹುಡುಗರು ಹುಚ್ಚಾಗಿದ್ದರು. ಕೊಲ್ಹಾಪುರದಲ್ಲಿ ಒಂದು ಸಂಜೆ ಬ್ಲ್ಯಾಕ್ ಶಟಲ್ ಮತ್ತೆ ಬಾರಿಸಬೇಕು ಎಂದು ಗಂಟುಬಿದ್ದರು. ಕಾಡಸಿದ್ದ ಧನಪಾಲನಿಗೆ ಫೋನು ಮಾಡಿದ. ಮಾಣಿಕಬಾಯಿ ಫೋನನ್ನು ಸ್ಪೀಕರಿಗೆ ಹಾಕಿ ಗಂಡನ ಕಿವಿಗೆ ಹಿಡಿದಳು. ಕಾಡಸಿದ್ದ ಕೆಟ್ಟವನಲ್ಲ, ಮಾತು ಬೆಣ್ಣೆಯಂಥದು. ಧನಪಾಲನ ಕಿವಿಯ ವಿಷಯ ತಾನು ಕೇಳಿದ್ದೇನೆ, ತ್ರಾಸು ತೆಗೆದುಕೊಳ್ಳುವುದು ಬೇಡ, ಬೇಸ್ ಬಾರಿಸಲು ಸ್ವಪ್ನಿಲ ಅಂತ ಚುರುಕು ಹುಡುಗ ಸಿಕ್ಕಿದ್ದಾನೆ, ಧನಪಾಲ ಮೊದಲ ಸಾಲಿನಲ್ಲಿ ಕೂತರೆ ತಲೆಗೆ ಫೇಟಾ ಕಟ್ಟಿ ಶಾಲು ಹೊದಿಸುತ್ತೇವೆ ಎಂದ. ಧನಪಾಲ ಯೋಚಿಸಿ ಹೇಳುತ್ತೇನೆ ಎಂದು ಇಟ್ಟುಬಿಟ್ಟ.

ಯೋಚಿಸಲು ಏನಿತ್ತು? ಅವನನ್ನು ಕೊರೆದದ್ದು ಕಿವಿಯೂ ಅಲ್ಲ, ಸ್ವಪ್ನಿಲನೂ ಅಲ್ಲ. ತಾನು ಆ ಬ್ಯಾಂಡಿನಲ್ಲಿ ನಿಜಕ್ಕೂ ಇದ್ದೆನೋ, ಅಥವಾ ಶೆಡ್ಡು ಅಪ್ಪನದು ಎಂಬ ದಾಕ್ಷಿಣ್ಯಕ್ಕೆ ನಿಲ್ಲಿಸಿಕೊಂಡಿದ್ದರೋ? ಈ ಪ್ರಶ್ನೆ ಅವನಿಗೆ ಹರೆಯದಲ್ಲೇ ಹುಟ್ಟಿತ್ತು, ಕೇಳಲು ಧೈರ್ಯವಿರಲಿಲ್ಲ. ಬದುಕಿನಲ್ಲಿ ಅವನು ಹೆಮ್ಮೆಯಿಂದ ಎದೆಯಲ್ಲಿಟ್ಟುಕೊಂಡದ್ದು ಅದೊಂದೇ. ಅದೂ ಸುಳ್ಳಾದರೆ ಉಳಿಯುವುದು ಬರೀ ನೇಯ್ದ ಸೀರೆ, ಧೋತರ. ಅಲ್ಲಪ್ಪನನ್ನು ಕೇಳಬೇಕು, ಅವನು ಸುಳ್ಳು ಹೇಳುವವನಲ್ಲ ಎಂದುಕೊಂಡು ಮರುದಿನ ಗಡಹಿಂಗ್ಲಜದ ಬಸ್ಸು ಹತ್ತಿದ.

ಬಸ್ಸಿನ ಕಿಟಕಿಯಲ್ಲಿ ಕಬ್ಬು, ಮತ್ತೆ ಕಬ್ಬು, ನಡುವೆ ಹಾರುವ ಕೊಕ್ಕರೆ. ಇಂಜಿನ್ನಿನ ನಡುಕ ಅಂಗಾಲಿಗೆ ಬಂದು, ಧನಪಾಲ ನಿದ್ದೆ ಎಚ್ಚರಗಳ ನಡುವೆ ತೇಲಿದ. ಕಬ್ಬಿನ ಸಾಲುಗಳು ಮಗ್ಗದ ಎಳೆಗಳಾದವು, ನಾಲ್ವರೂ ಆ ಎಳೆಗಳ ಮೇಲೆ ಬರಿಗಾಲಲ್ಲಿ ನಡೆದು ಹೋಗುತ್ತಿದ್ದರು, ಯಾರಿಗೂ ವಯಸ್ಸಾಗಿರಲಿಲ್ಲ. ಕಂಡಕ್ಟರು ಭುಜ ಅಲುಗಾಡಿಸಿದಾಗ ಗಡಹಿಂಗ್ಲಜ ಬಂದಿತ್ತು.

ಅಲ್ಲಪ್ಪನ ಮನೆಗೆ ಹೋಗುವ ಮುಂಚೆ ಒಂದು ಚಹಾ ಕುಡಿಯೋಣವೆಂದು ಸ್ಟ್ಯಾಂಡಿನ ಎದುರಿನ ಅಂಗಡಿಗೆ ಹೊಕ್ಕ. ಅಂಗಡಿ ಅಲಕಾ ಎಂಬ ನಡುವಯಸ್ಸಿನ ಹೆಂಗಸಿನದು. ಗೋಡೆಯ ಮೇಲೆ ಅವಳು ಆ ಕ್ಯಾಸೆಟ್ಟಿನ ಚಿತ್ರವನ್ನು ದೊಡ್ಡದು ಮಾಡಿಸಿ ಹಚ್ಚಿದ್ದಳು, ಧನಪಾಲ ಮೂಲೆ ಹಿಡಿದು ಕೂತ. ಅದರ ಕೆಳಗೇ ವಾದ ನಡೆದಿತ್ತು, ಧನಪಾಲನ ಕಿವಿಗೂ ಬೀಳುವಷ್ಟು ಜೋರಾಗಿ. ಮೊಬೈಲ್ ರಿಪೇರಿಯ ಅಮೋಲ ಬೆಂಚಿನ ಮೇಲೆ ಕಾಲು ಮಡಚಿ ಕೂತು ಕೈ ಬೀಸುತ್ತಿದ್ದ. ಸ್ವಪ್ನಿಲನನ್ನು ತೆಗೆದುಕೊಂಡದ್ದು ಭೇಷಾಯಿತು ಎನ್ನುವುದು ಅವನ ಮಾತು. ಅಲಕಾ ಒಪ್ಪಲಿಲ್ಲ. ನಾಲ್ವರಲ್ಲಿ ಒಬ್ಬನನ್ನು ಬಿಟ್ಟರೆ ಅದು ಬ್ಲ್ಯಾಕ್ ಶಟಲ್ ಹೇಗಾದೀತು ಎಂದು ಸೌಟು ಹಿಡಿದೇ ಜಗಳಕ್ಕೆ ನಿಂತಿದ್ದಳು.

“ಅಂವಾ ಏನ್ ಬಾರಸ್ತಿದ್ದ, ಅಲಕಾತಾಯಿ? ಒಂದ ತಂತಿ, ಒಂದ ಸೂರ. ಕಾಡಸಿದ್ದಂದು ಕೇಳ್ರಿ, ರಾವಸಾಹೇಬಂದು ಕೇಳ್ರಿ. ಈ ಮನಷ್ಯಾ ಹಾಡಿನ್ಯಾಗ ಅದಾನೋ ಇಲ್ಲೋ ಅನ್ನೂದ ಗೊತ್ತಾಗೂದಿಲ್ಲ. ಫೋಟೋದಾಗೂ ಅರ್ಧಾನ ಅದಾನ,” ಎಂದ ಅಮೋಲ.

ಕೂತವರೆಲ್ಲ ನಕ್ಕರು. ಅಲಕಾ ನಗಲಿಲ್ಲ. ಆ ಹಾಡು ಕೇಳುವಾಗ ತನ್ನ ಹೊಟ್ಟೆಯೊಳಗೆ ಏನೋ ನಡೆಯುತ್ತದೆ, ಅದು ಯಾರದೆಂದು ಹೇಳಲು ತನಗೆ ಬರುವುದಿಲ್ಲ, ಆದರೆ ಅದು ಕಾಡಸಿದ್ದನದಂತೂ ಅಲ್ಲ ಎಂದಳು. ಅಮೋಲ ಅದು ಚಹಾದ ಗ್ಯಾಸು ಎಂದ. ಮತ್ತೆ ನಗು. ಸೋಲಬಾರದೆಂದು ಅಲಕಾ ಸುತ್ತ ನೋಡಿ, ಮೂಲೆಯಲ್ಲಿ ಚಹಾದ ಬಸಿ ಹಿಡಿದು ಕೂತ ಅಪರಿಚಿತ ಮುದುಕನ ಕಡೆ ತಿರುಗಿದಳು.

“ನೀವಽ ಹೇಳ್ರಿ ಕಾಕಾ, ನಿಮ್ಮ ಕಾಲದವರಽ ಅವ್ರು. ಆ ಧನಪಾಲ ಬೇಕಾಗಿದ್ನೋ ಬ್ಯಾಡಾಗಿದ್ನೋ?”

ಧನಪಾಲ ಬಸಿ ಕೆಳಗಿಟ್ಟ. ನಾನೇ ಅವನು ಎಂದು ಹೇಳಬಹುದಿತ್ತು, ಎಲ್ಲರೂ ಎದ್ದು ಕಾಲಿಗೆ ಬೀಳುತ್ತಿದ್ದರು. ಆದರೆ ಗುರುತು ಸಿಕ್ಕ ಮೇಲೆ ಯಾರು ನಿಜ ಆಡುತ್ತಾರೆ? ಇವರಿಗೆ ಅವನ ಹಂಗಿಲ್ಲ, ಇವರ ನ್ಯಾಯವೇ ಖರೆ ನ್ಯಾಯ ಎನಿಸಿತು.

“ಇಲ್ಲವ್ವಾ, ಅಂವಾ ಇಲ್ದಿದ್ರೂ ನಡೀತಿತ್ತು,” ಎಂದ.

ಅಮೋಲ ಬೆಂಚು ಬಡಿದ. ಅಲಕಾ ಮುಖ ಸಣ್ಣದು ಮಾಡಿಕೊಂಡು ಪಾತ್ರೆಯ ಕಡೆ ತಿರುಗಿದಳು. ಧನಪಾಲ ಅಲ್ಲಪ್ಪನ ಮನೆಗೆ ಹೋಗಲಿಲ್ಲ. ಕೇಳುವುದು ಇನ್ನೇನು ಉಳಿದಿತ್ತು? ಬಂದ ದಾರಿಯಲ್ಲೇ ವಾಪಸು ಬಂದು, ತಾನು ಮೊದಲ ಸಾಲಿನಲ್ಲಿ ಕೂರುತ್ತೇನೆಂದು ಕಾಡಸಿದ್ದನಿಗೆ ಹೇಳಿಸಿದ. ಆ ವಾರವಿಡೀ ಮೆಟ್ಟಿಲ ಮೇಲೆ ಕೂತರೂ ಅವನ ಕಾಲು ಕುಣಿಯಲಿಲ್ಲ. ಮಾಣಿಕಬಾಯಿಗೆ ಅದು ಕಂಡಿತು. ಬಾಯಿ ಮಾಡುವ ಹೆಂಗಸು, ಆದರೂ ಏನೂ ಕೇಳದೆ ಪೇಟೆಗೆ ಹೋಗಿ ಗಂಡನಿಗೆ ಕರಿ ಬೂಟು ತಂದಳು. ಸತ್ಕಾರಕ್ಕೆ ಹೋಗುವವನು ಹರಕು ಚಪ್ಪಲಿಯಲ್ಲಿ ಹೋಗಬಾರದೆಂದು ಅವಳ ಹಟ.

ಕಾರ್ಯಕ್ರಮದ ದಿನ ಇಬ್ಬರೂ ಹೊತ್ತು ಇರುವಾಗಲೇ ಕೊಲ್ಹಾಪುರ ಮುಟ್ಟಿದರು. ಜೈನರು, ಸೂರ್ಯ ಮುಳುಗಿದ ಮೇಲೆ ಉಣ್ಣುವ ಮನೆತನವಲ್ಲ ಅವರದು. ಪಂಚಗಂಗೆಯ ಘಾಟಿನ ಮೇಲೆ ಕೂತು, ಕಟ್ಟಿಕೊಂಡು ಬಂದ ಚಪಾತಿ, ಹೆಸರುಕಾಳಿನ ಪಲ್ಯ ತಿಂದರು. ನೀರು ಕಿತ್ತಳೆ ಬಣ್ಣಕ್ಕೆ ತಿರುಗಿ, ಎಮ್ಮೆಗಳು ಕನಸಿನಲ್ಲಿ ನಡೆದ ಹಾಗೆ ನಿಧಾನವಾಗಿ ದಡ ಹತ್ತುತ್ತಿದ್ದವು. ಈ ಘಾಟಿನ ಮೇಲೆಯೇ ಒಮ್ಮೆ ನಾಲ್ವರೂ ಇಡೀ ಸಂಜೆ ಹಾಡಿದ್ದರು. ಧನಪಾಲನಿಗೆ ಅಳು ಬಂತು, ಖಾರ ಹೆಚ್ಚಾಗಿದೆ ಎಂದು ಹೆಂಡತಿಗೆ ಹೇಳಿದ. ಪಲ್ಯದಲ್ಲಿ ಖಾರವೇ ಇರಲಿಲ್ಲ, ಅವಳು ಸುಮ್ಮನೆ ನೀರು ಕೊಟ್ಟಳು.

ಸಭಾಗೃಹ ತುಂಬಿತ್ತು. ಹಿಂದಿನ ಸಾಲಿನಲ್ಲಿ ಅಮೋಲ, ಅಲಕಾ ಕೂಡ ಬಂದಿದ್ದರು. ಧನಪಾಲನಿಗೆ ಕೇಸರಿ ಫೇಟಾ ಕಟ್ಟಿ, ಶಾಲು ಹೊದಿಸಿ, ನಡುವಿನ ಖುರ್ಚಿಯಲ್ಲಿ ಕೂರಿಸಿದರು. ಹೆಸರು ಕರೆದಾಗ ಅಲಕಾಳ ಬಾಯಿ ತೆರೆದದ್ದು ಮತ್ತೆ ಮುಚ್ಚಲಿಲ್ಲ. ಆಮೇಲೆ ಪರದೆ ಸರಿಯಿತು. ರಾವಸಾಹೇಬ, ಕಾಡಸಿದ್ದ, ಸ್ವಪ್ನಿಲ, ಹಿಂದೆ ಅಲ್ಲಪ್ಪ. ಗೋಡೆಗಳಿಗೆಲ್ಲ ಮೆತ್ತೆ ಹೊಡೆದ ಆ ಹಾಲಿನಲ್ಲಿ ಎಷ್ಟು ನಿಶ್ಶಬ್ದವೆಂದರೆ ಇಚಲಕರಂಜಿಯವರಿಗೆ ಹೆದರಿಕೆ ಬರಬೇಕು.

ಮೊದಲ ಹಾಡು ಶುರುವಾಯಿತು, ಶುರುವಾದಲ್ಲೇ ಎಡವಿತು. ಸ್ವಪ್ನಿಲ ಒಂದು ಸ್ವರವನ್ನೂ ತಪ್ಪಲಿಲ್ಲ, ಪಾಪ, ಹುಡುಗ ಒಳ್ಳೆಯವನು. ಎಡವಿದ್ದು ಡ್ರಮ್ಮು. ಅಲ್ಲಪ್ಪ ತಲೆ ಬಗ್ಗಿಸಿ ನೋಡುತ್ತಾನೆ, ಏನೋ ಹುಡುಕುತ್ತಾನೆ, ಓಡುತ್ತಾನೆ, ನಿಲ್ಲುತ್ತಾನೆ. ಕಾಡಸಿದ್ದ ಸನ್ನೆ ಮಾಡಿದ, ಮತ್ತೆ ಶುರುಮಾಡಿದರು, ಮತ್ತೆ ಹದ ತಪ್ಪಿತು. ಜನ ಗುಸುಗುಸು ಎಂದರು. ಗೆಳೆಯರ ಮಾನ ಹೋಗುತ್ತಿದೆ, ತಾನು ಫೇಟಾ ಸುತ್ತಿಕೊಂಡು ಕೂತಿದ್ದೇನೆ ಎಂದು ಧನಪಾಲ ಕೈ ಹಿಸುಕಿಕೊಂಡ.

ಆಗ ಅಲ್ಲಪ್ಪ ಎರಡೂ ಕೋಲುಗಳನ್ನು ತೊಡೆಯ ಮೇಲಿಟ್ಟ. ಎದುರಿನ ಮೈಕನ್ನು ಎಳೆದುಕೊಂಡ.

“ಧನಪಾಲ, ಆ ಬೂಟ ಬಿಚ್ಚು. ಮ್ಯಾಲೆ ಬಾ.”

ಧನಪಾಲನಿಗೆ ಮಾತು ತಿಳಿಯಲಿಲ್ಲ. ಮಾಣಿಕಬಾಯಿ ಅವನ ಕಿವಿಯಲ್ಲಿ ಕೂಗಿ ಹೇಳಿದಳು. ಅವನು ಎದ್ದು ನಿಂತು, ತಾನು ಈಗ ಗಿಟಾರು ಹಿಡಿಯಲಾರೆನೆಂದು ಕೈಯಾಡಿಸಿದ.

“ಗಿಟಾರ ಯಾರಿಗಿ ಬೇಕಾಗೇತೋ! ನಿನ್ನ ಕಾಲ ಬೇಕು ನನಗ. ಆ ಶೆಡ್ಡಿನ್ಯಾಗ ಯಾರದು ಯಾರಿಗಿ ಕೇಳತಿತ್ತು? ನಾ ಜನಮಪೂರ್ತಿ ನಿನ್ನ ಕಾಲ ನೋಡಿ ಬಾರಿಸೇನಿ. ನನ್ನ ನೋಡಿ ಇವ್ರು ಬಾರಿಸ್ಯಾರ.”

ಅಲ್ಲಪ್ಪನ ಈ ಮಾತನ್ನೂ ಮಾಣಿಕಬಾಯಿ ಗಂಡನ ಕಿವಿಯಲ್ಲಿ ಕೂಗಿದಳು. ಕಾಡಸಿದ್ದ ಗಿಟಾರಿನ ಮೇಲೆ ಕೈಯಿಟ್ಟವನು ಹಾಗೇ ನಿಂತ. ಅವನಿಗೂ ಇದು ಗೊತ್ತಿರಲಿಲ್ಲ. ಧನಪಾಲನಿಗಂತೂ ಗೊತ್ತೇ ಇರಲಿಲ್ಲ. ಅಲ್ಲಪ್ಪನ ತಾಳಕ್ಕೆ ತನ್ನ ಕಾಲು ಕುಣಿಯುತ್ತದೆ ಎಂದೇ ಅವನು ಇಷ್ಟು ವರ್ಷ ನಂಬಿದ್ದ. ಅಲ್ಲಪ್ಪ ತಲೆ ಬಗ್ಗಿಸುತ್ತಿದ್ದದ್ದು ಧ್ಯಾನಕ್ಕಲ್ಲ. ಧನಪಾಲ ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದ. ಹೊಸ ದಾರದ ಗಂಟು ಸಡಿಲಲಿಲ್ಲ. ಮಾಣಿಕಬಾಯಿ ಕೆಳಗೆ ಕೂತು, ಇಷ್ಟು ಜನರೆದುರು, ಎರಡೂ ಬೂಟು ಬಿಚ್ಚಿಕೊಟ್ಟಳು.

ಡ್ರಮ್ಮಿನ ಪಕ್ಕ ಒಂದು ಪ್ಲಾಸ್ಟಿಕ್ ಖುರ್ಚಿ ಹಾಕಿದರು. ಕೇಸರಿ ಫೇಟಾ, ಬರಿಗಾಲು, ಖಾಲಿ ಕೈ. ಅವನು ಕಣ್ಣು ಮುಚ್ಚಿದ. ಹಾಲಿನ ನಿಶ್ಶಬ್ದದ ತಳದಲ್ಲಿ ಎಲ್ಲೋ ದೂರ ಅಪ್ಪನ ಮಗ್ಗಗಳು ಓಡುತ್ತಿದ್ದವು. ಅವು ಹತ್ತಿರ ಬಂದವು, ಹಲಗೆಯೊಳಗಿಂದ ಅಂಗಾಲಿಗೆ ಹತ್ತಿದವು. ಬಲಗಾಲು ಎದ್ದಿತು, ಬಿದ್ದಿತು. ಅಲ್ಲಪ್ಪ ತಲೆ ಬಗ್ಗಿಸಿದ.

ಹಾಡು ಹೇಗಾಯಿತೆಂದು ಅಲಕಾಳನ್ನು ಕೇಳಿ, ಅವಳು ಇವತ್ತಿಗೂ ಹೊಟ್ಟೆಯ ಮೇಲೆ ಕೈಯಿಟ್ಟು ತೋರಿಸುತ್ತಾಳೆ. ಅಮೋಲ ಇನ್ನೂ ಸೋತಿಲ್ಲ. ಖುರ್ಚಿಯಲ್ಲಿ ಕೂತು ಕಾಲು ಕುಣಿಸಿದವನನ್ನು ಕಲಾವಿದ ಎನ್ನುವುದಾದರೆ ತನ್ನ ಅಜ್ಜನೂ ಕಲಾವಿದ ಎಂದು ವಾದಿಸುತ್ತಾನೆ. ವಾದಿಸಲಿ. ಧನಪಾಲನಿಗೆ ಆ ಸಂಜೆ ರಾವಸಾಹೇಬನ ದನಿ ಕೇಳಲಿಲ್ಲ, ಕಾಡಸಿದ್ದನ ಗಿಟಾರು ಕೇಳಲಿಲ್ಲ, ಚಪ್ಪಾಳೆಯೂ ನೆಟ್ಟಗೆ ಕೇಳಲಿಲ್ಲ. ಕಣ್ಣು ತೆರೆದಾಗ ಅವನಿಗೆ ಕಂಡದ್ದು ಮೊದಲ ಸಾಲು. ಅಲ್ಲಿ ಅವನ ಖಾಲಿ ಖುರ್ಚಿಯ ಪಕ್ಕ ಮಾಣಿಕಬಾಯಿ ಹೊಸ ಬೂಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.