ಅಜ್ಜನ ಎಡಗೈ

ಇದು ಕಥೆಯಲ್ಲ. ಮೂವತ್ತನಾಲ್ಕು ವರ್ಷ ಜಮಖಂಡಿಯಲ್ಲಿ ನರ್ಸ್ ಆಗಿ ದುಡಿದವಳು ನಾನು. ಸತ್ತವರ ಮೈ ಒರೆಸಿದ್ದೇನೆ, ಕಣ್ಣು ಮುಚ್ಚಿಸಿದ್ದೇನೆ, ಪಕ್ಕದ ಕೋಣೆಯಲ್ಲೇ ಕುಳಿತು ಬುತ್ತಿ ಉಂಡಿದ್ದೇನೆ. ಹೆದರುವ ಹೆಂಗಸಲ್ಲ. ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ. ನಂಬುವುದು, ಬಿಡುವುದು ನಿಮಗೆ ಸೇರಿದ್ದು.

ನನ್ನ ಮಾವನವರು ರಬಕವಿಯ ನೇಕಾರರು. ಮಕ್ಕಳು ಹುಟ್ಟಿದ ಮೇಲೆ ಮನೆಯವರಿಗೆಲ್ಲ, ನನಗೂ, ಅವರು ಅಜ್ಜ. ಬೆಳಗಿನ ನಾಲ್ಕಕ್ಕೆ ಏಳುವುದು, ತಣ್ಣೀರ ಸ್ನಾನ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಮುಕ್ಕಾಲು ಗಂಟೆ ಪೂಜೆ, ಆಮೇಲೆ ಮಗ್ಗ. ಜ್ವರವಿರಲಿ, ಸಾವಿರಲಿ, ಈ ಕ್ರಮ ತಪ್ಪಿದ್ದನ್ನು ನಾನು ಕಾಣೆ. ನನಗೆ ರಾತ್ರಿ ಪಾಳಿ ಇದ್ದ ವರ್ಷಗಳಲ್ಲಿ ನನ್ನ ಇಬ್ಬರೂ ಮಕ್ಕಳನ್ನು ಬೆಳೆಸಿದ್ದು ಅವರೇ. ತೊಟ್ಟಿಲ ಹಗ್ಗವನ್ನು ಮಗ್ಗದ ಹಿಂದೆ ಮುಂದೆ ಆಡುವ ಹಲಗೆಗೆ ಕಟ್ಟಿಬಿಡುತ್ತಿದ್ದರು. ಸೀರೆಯೂ ಬೆಳೆಯುತ್ತಿತ್ತು, ತೊಟ್ಟಿಲೂ ತೂಗುತ್ತಿತ್ತು.

"ಸೊಸಿ ದವಾಖಾನ್ಯಾಗ ಮಂದಿ ಕೂಸು ಆಡಸ್ತಾಳ, ಮಾವ ಮನ್ಯಾಗ ಆಕಿ ಕೂಸು ತೂಗತಾನ," ಎಂದು ಓಣಿಯ ಹೆಂಗಸರು ನಗುತ್ತಿದ್ದರು.

"ನಕ್ಕೋಳ್ರೆವಾ. ನಿಮ್ಮ ಮನ್ಯಾಗ ತೂಗಾವ್ರು ಯಾರರ ಅದಾರೇನು?" ಎಂದು ಅಜ್ಜ ಮಗ್ಗದೊಳಗಿಂದಲೇ ಉತ್ತರ ಕೊಡುತ್ತಿದ್ದರು.

ಎಂಬತ್ತೆರಡನೇ ವಯಸ್ಸಿನಲ್ಲಿ ಲಕ್ವಾ ಹೊಡೆಯಿತು. ಮಾತು ಉಳಿಯಿತು, ಎಡಗೈ ಮುಷ್ಟಿ ಕಟ್ಟಿತು. ಅಂದಿನಿಂದ ನಾನೂ ನಾಲ್ಕಕ್ಕೆ ಏಳತೊಡಗಿದೆ. ಬಿಸಿನೀರಿನ ಬಟ್ಟೆ ಇಟ್ಟು, ಹೆಬ್ಬೆರಳಿನಿಂದ ಶುರು ಮಾಡಿ ಒಂದೊಂದೇ ಬೆರಳು ಬಿಚ್ಚುತ್ತಿದ್ದೆ. ಕಿರುಬೆರಳಿಗೆ ಬರುವಷ್ಟರಲ್ಲಿ ಹೆಬ್ಬೆರಳು ಮತ್ತೆ ಒಳಗೆ. ಲಿಂಗ ಇಡುವಷ್ಟು ಹೊತ್ತು ಆ ಕೈ ಎಂದೂ ತೆರೆದು ನಿಲ್ಲಲಿಲ್ಲ.

"ಬಲಗೈಯಾಗ ಇಟಗೋರಿ ಅಜ್ಜಾರ, ಅದೂ ನಿಮ್ದ ಕೈ."

"ಅರವತ್ತ ವರ್ಷ ಎಡಗೈಯಾಗ ಕುಂತಾನವಾ. ಈಗ ಮನಿ ಬದಲ್ಸು ಅಂದ್ರ ಕೇಳ್ತಾನೇನು?" ಎಂದು ನಕ್ಕರು. ಆಮೇಲೆ ಮೆಲ್ಲಗೆ, "ಒಂದ ಸಲ, ಸಿಸ್ಟರವ್ವಾ. ನಾ ಹೋಗೂದ್ರೊಳಗ ಒಂದ ಸಲ ಬಿಚ್ಚಿ ಕೊಡು. ಅವನ್ನ ಕೂಡ್ರಿಸಿ, ನೋಡಿ ಹೊಕ್ಕೀನಿ," ಎಂದರು.

"ಕೊಡ್ತೀನ್ರಿ."

"ಖರೇನ?"

"ಖರೇನರಿ."

ಹನ್ನೊಂದು ತಿಂಗಳು. ಎಣ್ಣೆ, ವ್ಯಾಯಾಮ, ಮುಧೋಳದ ಡಾಕ್ಟರು, ಮಹಾಲಿಂಗಪುರದ ನಾಟಿ ಔಷಧ... ಯಾವುದಕ್ಕೂ ಆ ಮುಷ್ಟಿ ಜಗ್ಗಲಿಲ್ಲ. ಕಳೆದ ಚಳಿಗಾಲದ ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ, ಅಜ್ಜ ಹೋಗಿಬಿಟ್ಟರು.

ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂಡಿಸುತ್ತೇವೆ. ಮಣ್ಣಿಗೆ ಇಡುವಾಗಲೂ ಕೂತ ಭಂಗಿ, ಎಡ ಅಂಗೈಯಲ್ಲಿ ಲಿಂಗ. ಕ್ರಿಯೆ ಮಾಡಿಸುವ ಅಯ್ಯನವರು ಬಂದು ಕೈ ಬಿಚ್ಚಲು ನೋಡಿದರು. ಆಗಲಿಲ್ಲ. ನನಗೆ ಮೊದಲ ಅಳುಕು ಹುಟ್ಟಿದ್ದು ಅಲ್ಲಿಯೇ. ಲಕ್ವಾ ಹೊಡೆದು ಬಿಗಿದ ಕೈ ಜೀವ ಹೋದೊಡನೆ ಸಡಿಲಾಗುತ್ತದೆ. ಅಂಥ ಎಷ್ಟೋ ಕೈ ನೋಡಿದವಳು ನಾನು. ಅಜ್ಜನದು ಸಡಿಲಾಗಲೇ ಇಲ್ಲ...

"ನೀ ನರ್ಸ್ ಅಲ್ಲೇನ? ಏನರ ಮಾಡು," ಎಂದರು ನನ್ನ ಗಂಡ.

"ಜಗ್ಗಿದ್ರ ಎಲುವು ಮುರೀತಾವ್ರಿ."

"ಇರ್ಲಿ ಬಿಡ್ರಿ," ಎಂದ ಅಯ್ಯನವರು ಲಿಂಗದ ಕರಡಿಗೆಯನ್ನು ಅಜ್ಜನ ಕೊರಳಿಗೆ ಹಾಕಿದರು. "ಮಣ್ಣು ಮುಂಜಾನೆ ಐತಿ. ರಾತ್ರಿ ಎಚ್ಚರಿರು ತಂಗಿ. ಕೈ ಸಡ್ಲಾದ್ರ ಲಿಂಗ ತಗದು ಇಟ್ಟಬಿಡು."

ರಾತ್ರಿಯೆಲ್ಲ ಭಜನೆ ನಡೆಯಿತು. ನಾಲ್ಕಕ್ಕೆ ತುಸು ಮೊದಲು ಭಜನೆಯವರು ಚಹಾಕ್ಕೆಂದು ಹಿತ್ತಲಿಗೆ ಹೋದರು. ನನ್ನ ಗಂಡ ಕಂಬಕ್ಕೆ ಒರಗಿ ನಿದ್ದೆ ಹೋಗಿದ್ದರು. ಪಡಸಾಲೆಯಲ್ಲಿ ಎಚ್ಚರವಿದ್ದವಳು ನಾನೊಬ್ಬಳೇ.

ಊದಿನಕಡ್ಡಿ, ಬಾಡಿದ ಚೆಂಡುಹೂ... ಅವುಗಳ ನಡುವೆ ಇನ್ನೊಂದು ವಾಸನೆ ಬಂತು. ಹಸಿ ವಿಭೂತಿಯದು. ಆಗತಾನೇ ಮಿಂದ ಮೈಗೆ ಹಚ್ಚಿದ್ದು.

ಕಟಕ್.

ಅಜ್ಜನ ಹೆಬ್ಬೆರಳು ಮುಷ್ಟಿಯಿಂದ ಹೊರಗೆ ಬಂದಿತ್ತು.

ಸತ್ತು ಒಂಬತ್ತು ತಾಸು. ಅಷ್ಟು ಹೊತ್ತಿಗೆ ಮೈ ಕಟ್ಟಿಗೆಯಾಗಿರುತ್ತದೆ. ಮತ್ತೆ ಕಟಕ್... ತೋರುಬೆರಳು. ತಾನಾಗಿ ಸಡಿಲಾಗುವ ಬೆರಳು ಹಾಗೆ ಬಿಚ್ಚುವುದಿಲ್ಲ. ಬೆರಳ ಪಕ್ಕದಲ್ಲಿ ಚರ್ಮ ತಗ್ಗಾಗಿತ್ತು, ಯಾರೋ ಹಿಡಿದು ಒತ್ತಿದ ಹಾಗೆ. ಒಂದು ಬೆರಳು ಬಿಚ್ಚಿದ ಮೇಲೆ ಮುಂದಿನ ಬೆರಳಿನಲ್ಲಿ ತಗ್ಗು ಮೂಡುತ್ತಿತ್ತು. ನಾನು ನನ್ನ ಕೈಗಳನ್ನು ನೋಡಿಕೊಂಡೆ. ಎರಡೂ ನನ್ನ ಮಡಿಲಲ್ಲಿದ್ದವು.

ಕಿರುಬೆರಳೂ ಬಿಚ್ಚಿತು. ಅಂಗೈ ತೆರೆದು ನಿಂತಿತು. ಹೆಬ್ಬೆರಳು ಮರಳಿ ಒಳಗೆ ಹೋಗಲಿಲ್ಲ.

ಇಡಬೇಕಿತ್ತು. ಕರಡಿಗೆ ಅಜ್ಜನ ಎದೆಯ ಮೇಲೆ, ನನ್ನ ಕೈಗೆ ಎಟಕುವಷ್ಟರಲ್ಲೇ ಇತ್ತು. ಮುಚ್ಚಳ ತೆಗೆದು ಇಟ್ಟರೆ ಮುಗಿಯಿತು. ನನ್ನ ಕೈ ಏಳಲಿಲ್ಲ. ಗಂಡನನ್ನೂ ಎಬ್ಬಿಸಲಿಲ್ಲ. ಏಳು ಎಂದು ನನಗೆ ನಾನೇ ಹೇಳಿಕೊಂಡೆ, ಎಷ್ಟು ಸಲವೋ... ಗೋಡೆಯ ಗಡಿಯಾರ ನಡೆಯುತ್ತಿತ್ತು. ಅಂಗೈ ಕಾಯುತ್ತಿತ್ತು.

ಹಿತ್ತಲಲ್ಲಿ ಹಾಲು ಒಡೆದು, ಬೇರೆ ಹಾಲು ತರಿಸಿದರಂತೆ. ಚಹಾ ಕುಡಿದು ಅವರು ಮರಳಿದಾಗ ನಾಲ್ಕೂ ಮುಕ್ಕಾಲು. ಅವರ ಹೆಜ್ಜೆಯ ಸಪ್ಪಳ ಕೇಳುತ್ತಿದ್ದಂತೆ ಬೆರಳುಗಳು ಒಂದೊಂದಾಗಿ ಮಡಚಿಕೊಂಡವು, ಬಾಗಿಲು ಹಾಕಿಕೊಂಡ ಹಾಗೆ.

ಮುಂಜಾನೆ ಅಯ್ಯನವರು ಕೇಳಿದರು. "ಸಡ್ಲಾತೇನವಾ?"

ಎಲ್ಲರೂ ನನ್ನನ್ನೇ ನೋಡಿದರು.

"ಇಲ್ರಿ," ಎಂದೆ.

ಲಿಂಗ ಕೊರಳಲ್ಲಿ, ಮುಷ್ಟಿ ಕಟ್ಟಿದ ಕೈ ತೊಡೆಯ ಮೇಲೆ. ಹಾಗೆಯೇ ಅವರನ್ನು ಮಣ್ಣಿಗಿಟ್ಟರು. ವಿಭೂತಿ, ಪತ್ರಿ ಸುರಿಯುವ ಮೊದಲು ಬಗ್ಗಿ ನೋಡಿದೆ. ತೋರುಬೆರಳ ಪಕ್ಕದಲ್ಲಿ ಆ ತಗ್ಗು ಇನ್ನೂ ಇತ್ತು. ಸತ್ತ ಚರ್ಮ ಒತ್ತಿದರೆ ಮರಳಿ ಉಬ್ಬುವುದಿಲ್ಲ. ನನ್ನ ಬೆರಳಿನ ಅಳತೆಯದಲ್ಲ, ತೀರ ಸಣ್ಣದು. ಯಾರದೆಂದು ಇವತ್ತಿಗೂ ತಿಳಿಯದು...

ಮನೆಗೆ ಬಂದವರ ಮುಂದೆ ನನ್ನ ಗಂಡ ಈಗಲೂ ಹೇಳುತ್ತಾರೆ. "ನಮ್ಮಪ್ಪಂದು ಅದೊಂದ ಆಸೆ ಉಳೀತು ನೋಡ್ರಿ. ಈಕಿ ಪಾಪ ಭಾಳ ಒದ್ದಾಡಿದ್ಲು. ಕೈ ಬಿಚ್ಚಲೇ ಇಲ್ಲ."

ಚಹಾ ಇಡುತ್ತೇನೆಂದು ನಾನು ಎದ್ದು ಒಳಗೆ ಹೋಗುತ್ತೇನೆ.